ಓದುಗರ ಪ್ರಶ್ನೆ, ನಮ್ಮ ಉತ್ತರ: ಬೆಟ್ಟದ ಮೇಲೆ ಬಿಸಿ ತಿಂಡಿ

ಮಳೆ ಹಿಂದೆ ಸರಿದು ಚಾರಣದ ದಿನಗಳು ಹತ್ತಿರವಾದಂತೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಳಗಿನ ತಿಂಡಿಯ ಬಗ್ಗೆಯೇ ಇವೆ. ಒಣ ಸಾಮಾನು ಹೊತ್ತೊಯ್ದು, ಸಣ್ಣ ಒಲೆಯಲ್ಲಿ ನೀರು ಕಾಯಿಸಿ ಬಿಸಿಬಿಸಿ ತಿನ್ನುವುದು ಹೇಗೆ ಎಂದು ಹಲವರು ಕೇಳಿದ್ದಾರೆ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಎಲ್ಲ ಅಳತೆಯೂ ಒಬ್ಬರಿಗೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ: ತಡಿಯಂಡಮೋಳ್, ಬ್ರಹ್ಮಗಿರಿ, ಪುಷ್ಪಗಿರಿ ಇವೆಲ್ಲ ಅರಣ್ಯ ಇಲಾಖೆಯ ಸುಪರ್ದಿಯಲ್ಲಿರುವ ಬೆಟ್ಟಗಳು. ಎಲ್ಲಿ ತಂಗಬಹುದು, ಎಲ್ಲಿ ಒಲೆ ಹಚ್ಚಬಹುದು ಎಂಬುದನ್ನು ಅನುಮತಿ ಪಡೆಯುವಾಗಲೇ ಕೇಳಿಕೊಳ್ಳಿ. ಸೌದೆ ಬೆಂಕಿಯ ಯೋಚನೆ ಬೇಡವೇ ಬೇಡ.

ಪ್ರಶ್ನೆ: ಮನೆಯಲ್ಲೇ ರವೆ ಹುರಿದು, ಒಗ್ಗರಣೆ ಬೆರೆಸಿ ಒಯ್ದಿದ್ದೆವು. ಬೆಳಗ್ಗೆ ಡಬ್ಬಿಗೆ ಬಿಸಿನೀರು ಸುರಿದರೆ ಉಪ್ಪಿಟ್ಟು ಆಗಲಿಲ್ಲ, ಗಂಟುಗಂಟಾಯಿತು. ಗಂಟು ಒಡೆದರೆ ಒಳಗೆ ಒಣ ರವೆ. ಎಲ್ಲಿ ತಪ್ಪಿದೆವು? (ಕುಶಾಲನಗರ)

ರವೆಯ ಮೇಲೆ ನೀರು ಸುರಿದಿರಿ, ಅಲ್ಲೇ ತಪ್ಪಿದ್ದು. ಕುದಿಯುವ ನೀರು ರವೆಯ ರಾಶಿಗೆ ತಾಗಿದೊಡನೆ ಹೊರಗಿನ ಪದರ ಬೆಂದು ಅಂಟಾಗುತ್ತದೆ. ಆ ಅಂಟು ಒಳಗೆ ನೀರು ಇಳಿಯಲು ಬಿಡುವುದಿಲ್ಲ. ಆಮೇಲೆ ಎಷ್ಟು ಕಲಕಿದರೂ ಗಂಟು ಚಿಕ್ಕದಾಗುತ್ತದೆಯೇ ಹೊರತು ಬೇಯುವುದಿಲ್ಲ. ಕುದಿಯುವ ನೀರಿಗೆ ರವೆ ಉದುರಿಸಬೇಕು, ಮನೆಯಲ್ಲಿ ಮಾಡುವ ಹಾಗೆಯೇ.

ಮಿಶ್ರಣ ಹೀಗೆ: ಉಪ್ಪಿಟ್ಟು ರವೆ 60 ಗ್ರಾಂ, ಎಣ್ಣೆ ಎರಡು ಟೀ ಚಮಚ, ಸಾಸಿವೆ ಅರ್ಧ ಚಮಚ, ಕಡಲೆಬೇಳೆ ಮತ್ತು ಉದ್ದಿನಬೇಳೆ ಒಂದೊಂದು ಚಮಚ, ಒಣಮೆಣಸಿನಕಾಯಿ ಒಂದು, ಕರಿಬೇವು ಒಂದು ಎಸಳು, ಚಿಟಿಕೆ ಇಂಗು, ಕಾಲು ಚಮಚ ಒಣಶುಂಠಿ ಪುಡಿ, ಅರ್ಧ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು. ಹಸಿಮೆಣಸಿನಕಾಯಿ, ಹಸಿಶುಂಠಿ, ಈರುಳ್ಳಿ ಸೇರಿಸಬೇಡಿ. ಹುರಿದರೂ ಅವುಗಳಲ್ಲಿ ನೀರು ಉಳಿದಿರುತ್ತದೆ, ಇಡೀ ಪೊಟ್ಟಣ ಮುಗ್ಗುತ್ತದೆ. ಕರಿಬೇವು ಮುಟ್ಟಿದರೆ ಪುಡಿಯಾಗುವಷ್ಟು ಗರಿಗರಿಯಾಗಬೇಕು. ರವೆಯನ್ನು ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ, ಘಮ ಬರುವ ತನಕ ಹುರಿಯಿರಿ. ಕೆಂಪಗಾಗಬಾರದು. ಪೂರ್ತಿ ಆರಿದ ಮೇಲೆಯೇ ಕವರಿಗೆ ತುಂಬಿ. ಬೆಚ್ಚಗಿರುವಾಗ ತುಂಬಿದರೆ ಒಳಗೇ ಬೆವರುತ್ತದೆ. ತುಪ್ಪದಲ್ಲಿ ಹುರಿದರೆ ರುಚಿ ಹೆಚ್ಚು, ನಿಜ, ಆದರೆ ಬೆಟ್ಟದ ಚಳಿಗೆ ತುಪ್ಪ ಗಟ್ಟಿಯಾಗಿ ರವೆ ಹೆಂಟೆ ಕಟ್ಟುತ್ತದೆ. ತುಪ್ಪ ಬೇರೆ ಶೀಶೆಯಲ್ಲಿರಲಿ, ಕೊನೆಗೆ ಹಾಕಿ.

ಬೆಟ್ಟದಲ್ಲಿ 240 ಮಿ.ಲೀ. ನೀರು ಅಳೆಯಿರಿ. ಒಣಗಿಸಿದ ಕ್ಯಾರೆಟ್, ಬೀನ್ಸ್, ಬಟಾಣಿ ಇದ್ದರೆ ಒಂದು ಹಿಡಿಯನ್ನು (ಸುಮಾರು 10 ಗ್ರಾಂ) ತಣ್ಣೀರಲ್ಲೇ ಹತ್ತು ನಿಮಿಷ ನೆನೆಹಾಕಿ, ಆಮೇಲೆ ಒಲೆ ಹಚ್ಚಿ. ನೀರು ಒಂದು ನಿಮಿಷ ಚೆನ್ನಾಗಿ ಕುದಿಯಲಿ, ಉರಿ ತಗ್ಗಿಸಿ, ಒಂದು ಕೈಯಲ್ಲಿ ರವೆ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ಕಲಕುತ್ತಿರಿ. ಒಂದು ನಿಮಿಷ ಸಾಕು. ಒಲೆ ಆರಿಸಿ, ಮುಚ್ಚಳ ಮುಚ್ಚಿ, ಪಾತ್ರೆಯನ್ನು ಟವೆಲ್ಲಿನಲ್ಲೋ ಶಾಲಿನಲ್ಲೋ ಸುತ್ತಿ ಆರೇಳು ನಿಮಿಷ ಬಿಡಿ. ಈ ಕಾಯುವ ಹೊತ್ತಿನಲ್ಲೇ ರವೆ ಅರಳುವುದು. ಅವಸರದಲ್ಲಿ ಮುಚ್ಚಳ ತೆಗೆದವರು ‘ರವೆ ಬೆಂದಿಲ್ಲ’ ಎಂದು ಮತ್ತೆ ಒಲೆಗಿಟ್ಟು ತಳ ಹಿಡಿಸುತ್ತಾರೆ. ಚಿರೋಟಿ ರವೆ ಈ ಕೆಲಸಕ್ಕೆ ಬಾರದು, ಅಂಟಂಟಾಗುತ್ತದೆ. ಹುಳಿಗೆ ಪುಡಿ ಹುಡುಕುವ ಬದಲು ಒಂದು ನಿಂಬೆಹಣ್ಣು ಒಯ್ದರೆ ಮುಗಿಯಿತು.

ಪ್ರಶ್ನೆ: ಖಾರ ಪೊಂಗಲನ್ನು ಮನೆಯಲ್ಲೇ ಬೇಯಿಸಿ, ಒಣಗಿಸಿ ಒಯ್ಯಬಹುದೇ? ನಮ್ಮಲ್ಲಿ ಬಿಸಿಲೇ ಕಾಣುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಆದೀತೇ? (ವಿರಾಜಪೇಟೆ)

ಒಯ್ಯಬಹುದು, ಮತ್ತು ಬೆಟ್ಟದ ತಿಂಡಿಗಳಲ್ಲಿ ನಮಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಅಟ್ಟ ಬೇಡ. ಹೊಗೆಯ ವಾಸನೆ ಹಿಡಿಯುತ್ತದೆ ಎಂಬುದು ಸಣ್ಣ ಕಾರಣ. ದೊಡ್ಡ ಕಾರಣ ಬೇರೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಸಾಮಾನ್ಯವಾಗಿ ಇರುತ್ತವೆ, ಅನ್ನ ಮಾಡಿದರೂ ಸಾಯುವುದಿಲ್ಲ. ಬೆಂದ ಅನ್ನ ಉಗುರು ಬೆಚ್ಚಗೆ, ಒದ್ದೆಯಾಗಿ ಗಂಟೆಗಟ್ಟಲೆ ಕುಳಿತರೆ ಅವು ಮೊಳೆತು ಬೆಳೆದು ವಿಷ ಉಂಟುಮಾಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ತೇವದ ಗಾಳಿಯಲ್ಲಿ ನಿಧಾನವಾಗಿ ಒಣಗುವ ಅನ್ನಕ್ಕೆ ಆಗುವುದು ಇದೇ. ಹಾಗಾಗಿ ಬೆಂದ ಅನ್ನ, ಬೇಳೆ ಎರಡನ್ನೂ 60 ಡಿಗ್ರಿಯಲ್ಲಿ ನಿಲ್ಲುವ ಎಲೆಕ್ಟ್ರಿಕ್ ಡ್ರೈಯರ್‌ನಲ್ಲಿ ಅಥವಾ ಬಾಗಿಲು ಕೊಂಚ ತೆರೆದಿಟ್ಟ ಓವನ್‌ನಲ್ಲಿ ಮಾತ್ರ ಒಣಗಿಸಿ. ಬಾಗಿಲು ತೆರೆದಿಡುವುದು ಆವಿ ಹೊರಹೋಗಲಿ ಎಂದು. ಈ ಸೌಕರ್ಯ ಇಲ್ಲದವರು ಪೊಂಗಲಿನ ಆಸೆ ಬಿಟ್ಟು ಅವಲಕ್ಕಿಗೆ ಬರುವುದು ವಾಸಿ.

ಒಬ್ಬರಿಗೆ ಅಕ್ಕಿ 60 ಗ್ರಾಂ, ಹೆಸರುಬೇಳೆ 25 ಗ್ರಾಂ. ಎರಡನ್ನೂ ಬೇರೆಬೇರೆ ಬೇಯಿಸಿ. ಮನೆಯ ಪೊಂಗಲಿನ ಹಾಗೆ ಕುಕ್ಕರಿನಲ್ಲಿ ಒಟ್ಟಿಗೆ ಕೂಗಿಸಿದರೆ ಮುದ್ದೆಯಾಗಿ, ಒಣಗಿದಾಗ ಹಪ್ಪಳದಂಥ ಹಲ್ಲೆಯಾಗುತ್ತದೆ. ಅದನ್ನು ಮುರಿದು ಬಳಸಬಹುದು, ಆದರೆ ಮತ್ತೆ ನೆನೆಸಿದಾಗ ಅಗುಳು ಸಿಗುವುದಿಲ್ಲ, ಗಂಜಿ ಸಿಗುತ್ತದೆ. ಅನ್ನ ಉದುರಾಗಿ ಬೇಯಲಿ. ಬಸಿದು, ಕುಡಿಯುವ ತಣ್ಣೀರಲ್ಲಿ ಒಮ್ಮೆ ಜಾಲಿಸಿದರೆ ಅಂಟು ಹೋಗಿ ಅಗುಳು ಬಿಡಿಬಿಡಿಯಾಗುತ್ತದೆ. ತಡಮಾಡದೆ ಒಂದೇ ಪದರವಾಗಿ ತಟ್ಟೆಯ ಮೇಲೆ ಹರಡಿ. ಆರರಿಂದ ಎಂಟು ಗಂಟೆ ಬೇಕಾಗುತ್ತದೆ, ನಡುವೆ ಎರಡು ಸಲ ಕೈಯಾಡಿಸಿ. ಉಗುರಿನಿಂದ ಒತ್ತಿದಾಗ ಅಗುಳು ಬಾಗಬಾರದು, ಪಟ್ಟನೆ ಮುರಿಯಬೇಕು. ಆಮೇಲೆ ಗಾಜಿನ ಜಾಡಿಗೆ ಹಾಕಿ ಒಂದು ದಿನ ಮುಚ್ಚಿಡಿ. ಒಳಗೋಡೆಯಲ್ಲಿ ತೇವ ಕಂಡರೆ ಇನ್ನೂ ಒಣಗಿಲ್ಲ ಎಂದೇ ಲೆಕ್ಕ, ಕೂಡಲೇ ಮತ್ತೆ ಒಣಗಿಸಿ.

ತುಪ್ಪ, ಗೋಡಂಬಿ, ಮೆಣಸು ಯಾವುದನ್ನೂ ಒಣಗಿಸುವ ಮೊದಲು ಸೇರಿಸಬಾರದು. ಜಿಡ್ಡು ಒಣಗುವ ವಸ್ತುವಲ್ಲ, ಅಗುಳಿನ ಮೇಲೆ ಕುಳಿತು ನೀರು ಆವಿಯಾಗಲು ಬಿಡುವುದಿಲ್ಲ, ನಾಲ್ಕು ದಿನ ಕಳೆದರೆ ಕಮಟು ಬೇರೆ. ಅರ್ಧ ಚಮಚ ಕಾಳುಮೆಣಸು ಮತ್ತು ಅರ್ಧ ಚಮಚ ಜೀರಿಗೆಯನ್ನು ಹೊರಡುವ ಹಿಂದಿನ ದಿನ ತರಿತರಿಯಾಗಿ ಕುಟ್ಟಿ ಪುಟ್ಟ ಪೊಟ್ಟಣ ಕಟ್ಟಿ. ಕೊಡಗಿನಲ್ಲಿ ಕುಳಿತು ಪುಡಿ ಮಾಡಿಟ್ಟ ಅಂಗಡಿ ಮೆಣಸು ಕೊಳ್ಳುವವರಿಗೆ ನಾವು ಏನೂ ಹೇಳುವುದಿಲ್ಲ.

ಬೆಟ್ಟದಲ್ಲಿ ಒಣ ಮಿಶ್ರಣಕ್ಕೆ 260 ಮಿ.ಲೀ. ತಣ್ಣೀರು ಹಾಕಿ ಐದು ನಿಮಿಷ ನೆನೆಯಲು ಬಿಡಿ. ಉಪ್ಪು, ಮೆಣಸು, ಜೀರಿಗೆ, ಚಿಟಿಕೆ ಒಣಶುಂಠಿ ಹಾಕಿ ಎರಡು ನಿಮಿಷ ಕುದಿಸಿ. ಆರಿಸಿ, ಸುತ್ತಿಟ್ಟು ಹತ್ತು ನಿಮಿಷ ಬಿಡಿ. ಒಂದು ಅಗುಳು ಕಚ್ಚಿ ನೋಡಿ, ನಡುವೆ ಬಿಳಿ ಗಟ್ಟಿ ಚುಕ್ಕೆ ಉಳಿದಿದ್ದರೆ ಎರಡು ಚಮಚ ನೀರು ಸೇರಿಸಿ ಇನ್ನೂ ಐದು ನಿಮಿಷ ಮುಚ್ಚಿಡಿ. ಕೊನೆಗೆ ಒಂದು ದೊಡ್ಡ ಚಮಚ ತುಪ್ಪ.

ತರಕಾರಿಯ ವಿಷಯ ಇಷ್ಟೇ: ಕ್ಯಾರೆಟ್, ಬೀನ್ಸನ್ನು 3 ಮಿ.ಮೀ. ದಪ್ಪಕ್ಕೆ ಹೆಚ್ಚಿ, ಕುದಿಯುವ ನೀರಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆದು ಒಣಗಿಸಿ. ಹಾಗೇ ಒಣಗಿಸಿದರೆ ಬಣ್ಣ ಕೆಡುತ್ತದೆ, ನೆನೆಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಫ್ರೀಜರಿನ ಬಟಾಣಿಗೆ ಆ ಕೆಲಸ ಮೊದಲೇ ಆಗಿರುತ್ತದೆ, ನೇರ ತಟ್ಟೆಗೆ ಹರಡಬಹುದು.

ಪ್ರಶ್ನೆ: ಗೊಜ್ಜವಲಕ್ಕಿಗೆ ಹುಣಸೆಯ ಬದಲು ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಬಹುದೇ? (ಪೊನ್ನಂಪೇಟೆ)

ಧಾರಾಳವಾಗಿ. ಆದರೆ ಕಾಚಂಪುಳಿ ಒಣ ಮಿಶ್ರಣಕ್ಕೆ ಸೇರುವ ವಸ್ತುವಲ್ಲ. ಎಷ್ಟು ಕುದಿಸಿ ಗಟ್ಟಿ ಮಾಡಿದ್ದರೂ ಅದು ದ್ರವವೇ. ಭದ್ರ ಮುಚ್ಚಳದ ಪುಟ್ಟ ಶೀಶೆಯಲ್ಲಿ ಬೇರೆಯಾಗಿ ಒಯ್ಯಿರಿ. ಒಬ್ಬರಿಗೆ ಕಾಲು ಟೀ ಚಮಚ ಸಾಕು. ಹುಣಸೆಯ ಅಂದಾಜಿನಲ್ಲಿ ಸುರಿದರೆ ಬಾಯಿಗಿಡಲಾಗದು.

ಗಟ್ಟಿ ಅವಲಕ್ಕಿ 75 ಗ್ರಾಂ ತೆಗೆದುಕೊಂಡು ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ, ದಪ್ಪ ರವೆಯ ಹದಕ್ಕೆ. ಸಾರಿನ ಪುಡಿ ಒಂದೂವರೆ ಚಮಚ, ಬೆಲ್ಲದ ಪುಡಿ ಎರಡು ಚಮಚ, ಉಪ್ಪು, ಹುರಿದ ಶೇಂಗಾ ಒಂದು ಹಿಡಿ, ಒಣ ಕೊಬ್ಬರಿ ತುರಿ ಎರಡು ಚಮಚ. ಹಸಿ ತೆಂಗಿನತುರಿ ಒಂದೇ ರಾತ್ರಿಗೆ ಹಳಸುತ್ತದೆ, ಅದು ಬೇಡ. ಕುದಿದ 120 ಮಿ.ಲೀ. ನೀರಿಗೆ ಕಾಚಂಪುಳಿ, ಬೆಲ್ಲ, ಉಪ್ಪು, ಸಾರಿನ ಪುಡಿ ಕದಡಿ, ಆ ನೀರನ್ನು ಅವಲಕ್ಕಿಯ ಮೇಲೆ ಚಿಮುಕಿಸುತ್ತಾ ಕಲಸಿ, ಎಂಟು ನಿಮಿಷ ಮುಚ್ಚಿಡಿ. ಇಲ್ಲಿ ನೀರು ಮೇಲಿಂದ ಬೀಳಬಹುದು. ಅವಲಕ್ಕಿ ಮೊದಲೇ ಬೆಂದ ಪದಾರ್ಥ, ಹಸಿ ರವೆಯಷ್ಟು ಬೇಗ ಅಂಟಾಗುವುದಿಲ್ಲ. ಪೇಪರ್ ಅವಲಕ್ಕಿ ಮಾತ್ರ ಒಯ್ಯಬೇಡಿ, ಬಿಸಿನೀರು ತಾಗಿದ ಕ್ಷಣ ಕರಗಿಹೋಗುತ್ತದೆ.

ಒಲೆ ಹಚ್ಚಲು ಅನುಮತಿ ಸಿಗದ ಕಡೆ ಕೂಡ ಇದು ಆಗುತ್ತದೆ. ಹೊರಡುವ ಮುನ್ನ ಫ್ಲಾಸ್ಕಿಗೆ ಕುದಿನೀರು ತುಂಬಿಸಿಕೊಂಡರೆ ಆಯಿತು.

ಪ್ರಶ್ನೆ: ಪಾಪುಟ್ಟು, ಕಡಂಬುಟ್ಟು, ನೂಪುಟ್ಟು (ಒತ್ತುಶಾವಿಗೆ) ಇವನ್ನೆಲ್ಲ ಕ್ಯಾಂಪಿನಲ್ಲಿ ಮಾಡಲು ದಾರಿ ಇದೆಯೇ? (ನಾಪೋಕ್ಲು)

ಕಡಂಬುಟ್ಟು ಮರೆತುಬಿಡಿ. ಹಿಟ್ಟು ಬೇಯಿಸಿ, ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿ ಬೇಯಿಸುವಷ್ಟು ಗ್ಯಾಸನ್ನು ಬೆನ್ನ ಮೇಲೆ ಹೊರುವುದು ಲಾಭದ ಮಾತಲ್ಲ.

ಪಾಪುಟ್ಟು ಸಾಧ್ಯ. ಅಕ್ಕಿ ತರಿ ಅರ್ಧ ಲೋಟ, ಎರಡು ದೊಡ್ಡ ಚಮಚ ಹಾಲಿನ ಪುಡಿಯನ್ನು ಅರ್ಧ ಲೋಟ ನೀರಲ್ಲಿ ಕದಡಿದ ಹಾಲು, ಮೇಲೆ ಇನ್ನೂ ಅರ್ಧ ಲೋಟ ನೀರು, ಒಣ ಕೊಬ್ಬರಿ ತುರಿ, ಏಲಕ್ಕಿ, ಚಿಟಿಕೆ ಉಪ್ಪು. ಇದನ್ನು ಸ್ಟೀಲ್ ತಟ್ಟೆಯಲ್ಲಿ ಒಂದು ಬೆರಳಿಗಿಂತ ದಪ್ಪ ಆಗದಂತೆ ಹುಯ್ದು ಹದಿನೈದು ನಿಮಿಷ ನೆನೆಯಲು ಬಿಡಿ. ಪಾತ್ರೆಯ ತಳದಲ್ಲಿ ಮೂರು ಚಪ್ಪಟೆ ಕಲ್ಲಿಟ್ಟು, ಕಲ್ಲು ಮುಳುಗದಷ್ಟು ನೀರು ಹಾಕಿ, ಮೇಲೆ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ. ಮುಚ್ಚಳಕ್ಕೆ ಬಟ್ಟೆ ಕಟ್ಟದಿದ್ದರೆ ಹಬೆಯ ನೀರು ತೊಟ್ಟಿಕ್ಕಿ ಮೇಲ್ಭಾಗ ಲೊಳಲೊಳ ಆಗುತ್ತದೆ, ಬಟ್ಟೆಯ ತುದಿ ಉರಿಗೆ ಜೋತುಬೀಳದಂತೆ ಮೇಲೆ ಗಂಟು ಹಾಕಿ. ಒಂದು ಲೀಟರ್ ನೀರು ಕಾಯಿಸುವಷ್ಟು ಗ್ಯಾಸ್ ಹೆಚ್ಚಿಗೆ ಖರ್ಚಾಗುತ್ತದೆ. ಒಂದೇ ಕಡೆ ಎರಡು ರಾತ್ರಿ ತಂಗುವವರಿಗೆ ಸರಿ, ಬೆಳಗ್ಗೆ ಎದ್ದು ನಡೆಯುವವರಿಗಲ್ಲ.

ನೂಪುಟ್ಟಿಗೆ ಬದಲಿ ಸುಲಭ: ಅಂಗಡಿಯ ಒಣ ಅಕ್ಕಿ ಶಾವಿಗೆ. 60 ಗ್ರಾಂ ಶಾವಿಗೆಯನ್ನು ಕುದಿನೀರಲ್ಲಿ ಮುಳುಗಿಸಿ ಮೂರು ನಾಲ್ಕು ನಿಮಿಷ ಬಿಟ್ಟು ಬಸಿಯಿರಿ. ಎಳೆ ದಪ್ಪಗಿದ್ದರೆ ಇನ್ನೆರಡು ನಿಮಿಷ. ಅದಕ್ಕೆ ಜೇನುತುಪ್ಪವೋ, ಮನೆಯಿಂದ ತಂದ ಒಣ ಚಟ್ನಿಪುಡಿ ಮತ್ತು ಎಣ್ಣೆಯೋ. ಬಸಿದ ನೀರನ್ನು ತೊರೆಗೆ ಚೆಲ್ಲಬೇಡಿ, ತೊರೆಯಿಂದ ದೂರ ಮಣ್ಣಿಗೆ ಚೆಲ್ಲಿ.

ಪ್ರಶ್ನೆ: ಮೂರು ಜನ, ಎರಡು ಬೆಳಗು. ಎಷ್ಟು ಗ್ಯಾಸ್ ಬೇಕು? ಹಿಂದಿನ ಸಲ ಮೇಲೆ ಹೋಗಿ ಬೇಳೆ ಬೇಯಿಸಲು ಹೋಗಿ ಕ್ಯಾನ್ ಖಾಲಿಯಾಯಿತು, ಬೇಳೆ ಬೇಯಲಿಲ್ಲ. ಎತ್ತರದಿಂದ ಹಾಗಾಯಿತೇ? (ಮೈಸೂರು)

ಎತ್ತರದ ಪಾಲು ಕೊಂಚ ಇದೆ. ಸುಮಾರು 300 ಮೀಟರ್ ಏರಿದಂತೆ ನೀರು ಕುದಿಯುವ ಬಿಸಿ ಒಂದು ಡಿಗ್ರಿ ಇಳಿಯುತ್ತದೆ. ತಡಿಯಂಡಮೋಳ್ 1,748 ಮೀಟರ್, ಕೊಡಗಿನಲ್ಲಿ ಅದೇ ಅತಿ ಎತ್ತರ. ಅದರ ತುದಿಯಲ್ಲಿ ನೀರು 94 ಡಿಗ್ರಿಗೇ ಕುದಿಯುತ್ತದೆ. ರವೆ, ಅವಲಕ್ಕಿ, ಶಾವಿಗೆಗೆ ಇದರಿಂದ ಏನೂ ಆಗದು. ಕುಕ್ಕರಿನ ಒತ್ತಡಕ್ಕೆ ಒಗ್ಗಿಹೋದ ತೊಗರಿಬೇಳೆಗೆ ತೆರೆದ ಪಾತ್ರೆಯಲ್ಲಿ ಮೊದಲೇ ಹೊತ್ತು ಹೆಚ್ಚು ಬೇಕು, ಎತ್ತರದಲ್ಲಿ ಅದು ಇನ್ನೂ ಬೆಳೆಯುತ್ತದೆ. ಬೆಟ್ಟಕ್ಕೆ ಹಸಿ ಬೇಳೆ ಒಯ್ಯುವುದೇ ತಪ್ಪು ಲೆಕ್ಕ.

ಗ್ಯಾಸ್: ಗಾಳಿ ಇಲ್ಲದಿದ್ದರೆ, ಮುಚ್ಚಳ ಹಾಕಿ ಒಂದು ಲೀಟರ್ ನೀರು ಕುದಿಸಲು 12ರಿಂದ 15 ಗ್ರಾಂ ಸಾಕು. ಒಬ್ಬರಿಗೆ ತಿಂಡಿ, ಕಾಫಿ ಸೇರಿ ಅರ್ಧ ಲೀಟರ್ ನೀರು ಎಂದಿಟ್ಟುಕೊಳ್ಳಿ. ಮೂವರಿಗೆ ಎರಡು ಬೆಳಗಿಗೆ 3 ಲೀಟರ್, ಅಂದರೆ 45 ಗ್ರಾಂ. ಗಾಳಿ ಬೀಸಿದರೆ ಖರ್ಚು ಎರಡರಷ್ಟಾಗುವುದು ಸಾಮಾನ್ಯ. 230 ಗ್ರಾಂ ಕ್ಯಾನ್ ಒಂದು ಇದ್ದರೆ ರಾತ್ರಿಯ ಊಟಕ್ಕೂ ಆದೀತು. ಬೋಳು ನೆತ್ತಿಯ ಮೇಲೆ ಒಲೆ ಹಚ್ಚದೆ ಬಂಡೆಯ ಮರೆಗೆ ಬನ್ನಿ. ಗಾಳಿ ತಡೆಯಲೆಂದು ಕ್ಯಾನಿನ ಸುತ್ತ ತಗಡು ಮುಚ್ಚಿ ಕಟ್ಟಬೇಡಿ, ಕ್ಯಾನ್ ಕಾದು ಸಿಡಿಯಬಹುದು. ಟೆಂಟಿನೊಳಗೆ ಒಲೆ ಹಚ್ಚಿದರೆ ಬೆಂಕಿಯ ಭಯ ಒಂದು ಕಡೆ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಇನ್ನೊಂದು ಕಡೆ. ಚಳಿಗಾಲದ ಬೆಳಗ್ಗೆ ಉರಿ ಸೊರಗಿದರೆ ಕ್ಯಾನ್ ತಣ್ಣಗಾಗಿದೆ ಎಂದರ್ಥ. ರಾತ್ರಿ ಮಲಗುವ ಚೀಲದೊಳಗೆ ಇಟ್ಟುಕೊಂಡರೆ ಈ ತೊಂದರೆ ಇಲ್ಲ. ಬೆಂಕಿಗೆ ಹಿಡಿದು ಬಿಸಿ ಮಾಡುವ ಸಾಹಸ ಬೇಡ.

ತೊರೆಯ ನೀರನ್ನು ಉಗುರು ಬೆಚ್ಚಗೆ ಮಾಡಿ ಅವಲಕ್ಕಿಗೆ ಸುರಿಯುವವರಿದ್ದಾರೆ. ಕೊಡಗಿನ ಎತ್ತರದಲ್ಲಿ ಒಂದು ನಿಮಿಷ ಕೊತಕೊತ ಕುದಿಸಿದರೆ ನೀರು ಕುಡಿಯಲು ಯೋಗ್ಯ. ಅದಕ್ಕಿಂತ ಕಡಿಮೆ ಬೇಡ.

ಪ್ರಶ್ನೆ: ರಾಗಿ ಗಂಜಿಗೆ ಹಾಲಿನ ಪುಡಿ, ಬೆಲ್ಲ ಹಾಕಿ ಕುದಿಸಿದರೆ ಹಾಲು ಒಡೆದು ಮೊಸರಿನ ಹಾಗಾಗುತ್ತದೆ. ರಾಗಿಯೂ ಗಂಟು. (ಸೋಮವಾರಪೇಟೆ)

ಗಂಟಿಗೆ ಕಾರಣ ಮೇಲೆ ರವೆಗೆ ಹೇಳಿದ್ದೇ, ಹಿಟ್ಟು ನುಣ್ಣಗಿರುವುದರಿಂದ ಇಲ್ಲಿ ಇನ್ನೂ ಬೇಗ. ರವೆಯ ಹಾಗೆ ಉದುರಿಸಿದರೂ ನಡೆಯದು. 30 ಗ್ರಾಂ ರಾಗಿ ಹಿಟ್ಟನ್ನು 60 ಮಿ.ಲೀ. ತಣ್ಣೀರಲ್ಲಿ ಕದಡಿ, ಕುದಿಯುವ 190 ಮಿ.ಲೀ. ನೀರಿಗೆ ಹುಯ್ಯುತ್ತಾ ಕಲಕಿ, ಮೂರು ನಾಲ್ಕು ನಿಮಿಷ ಬೇಯಿಸಿ. ಮೊಳಕೆ ಬರಿಸಿದ ರಾಗಿಯ ಹಿಟ್ಟಾದರೆ ಗಂಜಿ ತೆಳ್ಳಗಾಗುತ್ತದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುತ್ತವೆ, ಹಿಟ್ಟು ಅರ್ಧದಷ್ಟು ಹೆಚ್ಚಿಸಿಕೊಳ್ಳಿ. ರಾಗಿ ಹುರಿಹಿಟ್ಟು ಸಿಕ್ಕರೆ ಬೇಯಿಸುವ ಕೆಲಸವೇ ಇಲ್ಲ, ಬಿಸಿನೀರಲ್ಲಿ ಕಲಸಿದರೆ ಸಾಕು.

ಹಾಲು ಒಡೆಯಲು ಬೆಲ್ಲ ಕಾರಣ. ಬೆಲ್ಲದಲ್ಲಿ ಹುಳಿಯ ಅಂಶವಿರುತ್ತದೆ, ಕುದಿಯುವಾಗ ಹಾಲಿಗೆ ಅದು ತಡೆಯದು. ಒಲೆ ಆರಿಸಿ ಎರಡು ನಿಮಿಷ ಬಿಟ್ಟು, ಬೆಲ್ಲ ಕಲಸಿ, ಆಮೇಲೆ ಹಾಲು ಸೇರಿಸಿ. ಹಾಲಿನ ಪುಡಿಯನ್ನೂ ತಣ್ಣೀರಲ್ಲಿ ಕದಡಿಯೇ ಹಾಕಬೇಕು. ಹೊಟ್ಟೆ ನಿಲ್ಲಬೇಕೆಂದರೆ ಎರಡು ಚಮಚ ಹುರಿಗಡಲೆ ಹಿಟ್ಟು ಬೆರೆಸಿ. ನಡೆಯುವವರಿಗೆ ಪ್ರೋಟೀನ್ ಬೇಕು ಎಂದು ದುಬಾರಿ ಡಬ್ಬಿ ಕೊಳ್ಳುವ ಅಗತ್ಯ ನಮಗೆ ಕಂಡಿಲ್ಲ. ಓಟ್ಸ್ ಬಗ್ಗೆಯೂ ಒಬ್ಬರು ಕೇಳಿದ್ದಾರೆ: ಪೊಟ್ಟಣದ ಮೇಲೆ ಬರೆದ ಹಾಗೆ ಮಾಡಿ, ಉಪ್ಪು ಮರೆಯಬೇಡಿ.

ಪ್ರಶ್ನೆ: ಜಿಪ್ ಕವರಿನಲ್ಲಿ ಹಾಕಿದರೂ ಮಿಶ್ರಣ ಎರಡನೇ ದಿನಕ್ಕೆ ಮೆತ್ತಗಾಗುತ್ತದೆ. ಏಕೆ? (ಶನಿವಾರಸಂತೆ)

ಉಪ್ಪು ಮತ್ತು ಬೆಲ್ಲ. ಎರಡೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ, ಜೊತೆಗಿರುವ ರವೆಗೂ ಅವಲಕ್ಕಿಗೂ ಹಂಚುತ್ತವೆ. ಡಿಸೆಂಬರಿನಿಂದ ಮಾರ್ಚ್ ತನಕ ಒಟ್ಟಿಗೆ ಕಟ್ಟಿದರೂ ನಡೆದೀತು. ಉಳಿದ ತಿಂಗಳು ಉಪ್ಪು, ಬೆಲ್ಲ ಬೇರೆ ಪುಟ್ಟ ಪೊಟ್ಟಣದಲ್ಲಿರಲಿ. ಒಂದು ಹೊತ್ತಿನ ತಿಂಡಿಗೆ ಒಂದು ಕವರ್. ದೊಡ್ಡ ಕವರನ್ನು ದಿನಾ ತೆರೆದರೆ ದಿನಾ ಮಂಜು ಒಳಗೆ ಹೋಗುತ್ತದೆ. ಗಾಳಿ ಹಿಂಡಿ ತೆಗೆದು, ಎರಡನೇ ಕವರಿನೊಳಗೆ ಇಟ್ಟು, ಮೇಲೆ ನೀರಿನ ಅಳತೆ ಬರೆಯಿರಿ. ತಿಂಡಿಯ ಹೆಸರು ಮರೆತರೂ ನಡೆದೀತು, ನೀರಿನ ಅಳತೆ ಮರೆತರೆ ಕಷ್ಟ. ಎಣ್ಣೆ ಹಾಕಿ ಹುರಿದ ಮಿಶ್ರಣ ಮೂರು ವಾರದೊಳಗೆ ಮುಗಿಯಲಿ. ಮೂಸಿದಾಗ ಹಳೇ ಎಣ್ಣೆಯ ಕಮಟು ಬಂದರೆ ಚೆಲ್ಲಿ. ಕೊಬ್ಬರಿ, ಶೇಂಗಾ ಇದ್ದರೆ ಅದಕ್ಕೂ ಬೇಗ ಕೆಡುತ್ತದೆ. ಕುದಿನೀರನ್ನು ನೇರ ಈ ಕವರಿಗೇ ಸುರಿದು ತಿನ್ನುವ ಅಭ್ಯಾಸ ಕೆಲವರಿಗಿದೆ. ಸಾಧಾರಣ ಕವರ್ ಆ ಬಿಸಿಗೆಂದು ಮಾಡಿದ್ದಲ್ಲ, ಸ್ಟೀಲ್ ಡಬ್ಬಿ ಬಳಸಿ. ಖಾಲಿ ಕವರುಗಳನ್ನು ಎಣಿಸಿ ವಾಪಸು ತನ್ನಿ.

ಪ್ರಶ್ನೆ: ಫಿಲ್ಟರ್ ಇಲ್ಲದೆ ಬೆಲ್ಲದ ಕಾಫಿ? (ಮಡಿಕೇರಿ)

250 ಮಿ.ಲೀ. ನೀರಿಗೆ 15 ಗ್ರಾಂ ಬೆಲ್ಲ ಹಾಕಿ ಕುದಿಸಿ ಒಲೆ ಆರಿಸಿ. ಕುದಿ ನಿಂತ ಮೇಲೆ 10 ಗ್ರಾಂ ಕಾಫಿಪುಡಿ ಹಾಕಿ ಒಮ್ಮೆ ಕಲಕಿ, ನಾಲ್ಕು ನಿಮಿಷ ಮುಚ್ಚಿಡಿ. ಪುಡಿ ಹಾಕಿ ಕುದಿಸುತ್ತಾ ಹೋದರೆ ಕಹಿ ಏರುತ್ತದೆ. ಮೇಲೆ ತೇಲುವ ಪುಡಿ ಕೆಳಗಿಳಿಯಲು ಒಂದು ಚಮಚ ತಣ್ಣೀರು ಚಿಮುಕಿಸಿ, ಪಾತ್ರೆ ಅಲುಗಿಸದೆ ಬಗ್ಗಿಸಿಕೊಳ್ಳಿ. ಫಿಲ್ಟರಿನ ನುಣ್ಣನೆ ಪುಡಿಗಿಂತ ತರಿ ಪುಡಿ ಬೇಗ ತಳ ಸೇರುತ್ತದೆ. ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿ ತರಿಯಾಗಿ ಬೀಸಿಸಿಕೊಳ್ಳಿ, ಚಿಕೋರಿ ಬೆರೆಸುವುದು ಬೇಡವೆಂದೂ ಹೇಳಿ.